ಭಾನುವಾರದಿಂದ ಭಾನುವಾರಕ್ಕೆ: ಕೋಲಾರ ಸೀಮೆಯ ಕಥೋಲಿಕ ಧರ್ಮಕೇಂದ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪೂಜೆ (ಮಾಸ್) ಮುಗಿದ ಮೇಲೆ ಆಫೀಸಿನ ಬಾಗಿಲಲ್ಲಿ, ಉಪದೇಶ ತರಗತಿಯ ಜಗಲಿಯಲ್ಲಿ, ಸಾವಿನ ಮನೆಯ ಹೊರಗೆ ನಿಂತು ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ (ಆರ್ಚ್‌ಡಯಾಸಿಸ್) ಸೇರಿರುವುದರಿಂದ ಮುಖ್ಯ ನಿಯಮಗಳು ಎಲ್ಲ ಕಡೆ ಒಂದೇ. ಪೂಜೆಯ ವೇಳೆ, ಭಾಷೆ, ಊರಿನ ರೂಢಿ ಬೇರೆ ಬೇರೆ. ಅವನ್ನು ನಿಮ್ಮ ಗುಡಿಯ (ಚರ್ಚಿನ) ಸೂಚನಾ ಫಲಕದಲ್ಲಿ ನೋಡಿಕೊಳ್ಳಿ. ಬಹಳಷ್ಟು ತೊಂದರೆ ಬರುವುದು ಜನ ಹಿಂಜರಿದು ಕಡೇ ಗಳಿಗೆಯಲ್ಲಿ ಬರುವುದರಿಂದ. ಮೊದಲೇ ಬಂದು ಕೇಳಿದರೆ ದಾರಿಯಿಲ್ಲದ ಸಂಗತಿ ತೀರಾ ಕಡಿಮೆ.

ಕೆಲಸಕ್ಕೆಂದು ಈ ಕಡೆ ಬಂದು ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಧರ್ಮಕೇಂದ್ರ (ಪ್ಯಾರಿಷ್) ಯಾವುದು?

ನೀವು ಈಗ ವಾಸ ಮಾಡುವ ಜಾಗ ಯಾವ ಧರ್ಮಕೇಂದ್ರದ ಎಲ್ಲೆಯೊಳಗಿದೆಯೋ ಅದೇ ನಿಮ್ಮದು. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಬಂದವರು 'ನಮ್ಮ ಗುಡಿ ಊರಿನಲ್ಲಿದೆ' ಎಂದುಕೊಂಡು ವರ್ಷಗಟ್ಟಲೆ ಹೆಸರು ಬರೆಸದೆ ಇರುತ್ತಾರೆ. ಮಗುವಿನ ಜ್ಞಾನಸ್ನಾನಕ್ಕೋ (ಬ್ಯಾಪ್ಟಿಸಂ) ಮನೆಯವರ ಕಾಯಿಲೆಗೋ ಫಾದರ್ ಬೇಕಾದಾಗ ಇವರು ಯಾರೆಂಬುದೇ ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಒಂದು ಭಾನುವಾರ ಪೂಜೆ ಆದ ಮೇಲೆ ಹತ್ತು ನಿಮಿಷ ಉಳಿಯಿರಿ. ಕುಟುಂಬದ ನೋಂದಣಿಗೆ ಮನೆಯವರ ಹೆಸರು, ಹುಟ್ಟಿದ ದಿನ, ಜ್ಞಾನಸ್ನಾನ ಆದ ಊರು ಮತ್ತು ವರ್ಷ, ಮದುವೆಯಾದ ಗುಡಿ, ಫೋನ್ ನಂಬರ್ ಸಾಕು. ಆರು ತಿಂಗಳಿಗೆ ಮನೆ ಬದಲಾಯಿಸುವವರೂ ಬರೆಸಬಹುದು.

ವಾರದಲ್ಲಿ ಯಾವ ದಿನ ಏನಿರುತ್ತದೆ?

ಭಾನುವಾರದ ಬಲಿಪೂಜೆಯೇ ವಾರದ ನೆತ್ತಿ. ಉಳಿದ ದಿನಗಳಿಗೂ ಒಂದೊಂದು ಭಕ್ತಿಯ ರೂಢಿಯಿದೆ: ಮಂಗಳವಾರ ಸಂತ ಅಂತೋಣಿಯವರ ನವದಿನ ಪ್ರಾರ್ಥನೆ, ಬುಧವಾರ ನಿತ್ಯಾಧಾರ ಮಾತೆಯದು, ಗುರುವಾರ ಪರಮಪ್ರಸಾದದ (ಪೂಜೆಯಲ್ಲಿ ಯೇಸುವಿನ ಶರೀರವಾಗಿ ಸ್ವೀಕರಿಸುವ ರೊಟ್ಟಿಯ) ಆರಾಧನೆ, ತಿಂಗಳ ಮೊದಲ ಶುಕ್ರವಾರ ಯೇಸುವಿನ ಪವಿತ್ರ ಹೃದಯದ ಪೂಜೆ, ಶನಿವಾರ ಮರಿಯಮ್ಮನವರ ಸ್ಮರಣೆ. ಇವೆಲ್ಲ ಎಲ್ಲ ಗುಡಿಗಳಲ್ಲೂ ಇರುವುದಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ (ಲೆಂಟ್) ಶುಕ್ರವಾರಗಳಲ್ಲಿ 14 ಸ್ಥಳಗಳ ಶಿಲುಬೆ ಹಾದಿ ಇರುತ್ತದೆ.

ಶನಿವಾರ ಸಂಜೆ ಹೊರಗಿನವರಿಗೆ ಕಾಣದ ಕೆಲಸ ನಡೆಯುತ್ತದೆ. ಗುಡಿ ಗುಡಿಸಿ ಸಾರಿಸುವುದು, ಹೂ ಜೋಡಿಸುವುದು, ಗಾನವೃಂದದ ಅಭ್ಯಾಸ, ಪಾಪನಿವೇದನೆ. ಪೀಠದ ಬಟ್ಟೆ ಒಗೆಯುವವರು ಒಂದು ಮಾತು ನೆನಪಿಡಬೇಕು. ಪೂಜೆಯ ಪಾತ್ರೆ ಒರೆಸಿದ ಬಟ್ಟೆಯಲ್ಲಿ ಪರಮಪ್ರಸಾದದ ಕಣ ಉಳಿದಿರಬಹುದಾದ್ದರಿಂದ ಅದನ್ನು ಮೊದಲು ಬರೀ ನೀರಿನಲ್ಲಿ ಜಾಲಿಸಿ, ಆ ನೀರನ್ನು ಚರಂಡಿಗೆ ಬಿಡದೆ ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹಾಕಬೇಕು. ಸೋಪು, ನೀಲಿ ಎಲ್ಲ ಆಮೇಲೆ.

ನಮ್ಮ ಹಳ್ಳಿಯಲ್ಲಿ ಭಾನುವಾರದ ಪೂಜೆಯ ವೇಳೆ ಯಾಕೆ ಪದೇ ಪದೇ ಬದಲಾಗುತ್ತದೆ? ಕೆಲವು ವಾರ ಪೂಜೆಯೇ ಇರುವುದಿಲ್ಲವಲ್ಲ?

ಧರ್ಮಸಭೆಯ ಕಾನೂನಿನ ಪ್ರಕಾರ ಒಬ್ಬ ಗುರು ದಿನಕ್ಕೆ ಒಂದೇ ಪೂಜೆ ಅರ್ಪಿಸುವುದು ಸಾಮಾನ್ಯ ನಿಯಮ. ಗುರುಗಳ ಕೊರತೆಯಿದ್ದರೆ ಧರ್ಮಾಧ್ಯಕ್ಷರು (ಬಿಷಪ್) ವಾರದ ದಿನ ಎರಡು, ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ಮೂರು ಪೂಜೆಗಳವರೆಗೆ ಅನುಮತಿ ಕೊಡಬಹುದು. ಒಬ್ಬರೇ ಗುರುಗಳಿದ್ದು ಕೆಳಗೆ ನಾಲ್ಕೈದು ಉಪಕೇಂದ್ರಗಳಿದ್ದರೆ ಲೆಕ್ಕ ಹಾಕಿ ನೋಡಿ: ಎಲ್ಲ ಊರಿಗೂ ಪ್ರತಿ ಭಾನುವಾರ ಬರಲಾಗದು. ಮುಖ್ಯ ಗುಡಿಯಲ್ಲಿ ಹಬ್ಬವೋ ಸಾವೋ ಆದರೆ ಉಳಿದ ಕಡೆಯ ವೇಳೆ ಜರುಗುತ್ತದೆ. ಬೆಳಗ್ಗೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಪೂಜೆ ಇಟ್ಟರೆ ಅರ್ಧ ಊರು ಬರುವುದಿಲ್ಲ ಎಂಬುದನ್ನೂ ನೋಡಬೇಕು. ಗುರುಗಳು ಬರಲಾಗದ ಭಾನುವಾರ ಉಪದೇಶಿಯವರೋ ಸಿಸ್ಟರೋ ಬೈಬಲ್ ವಾಚನ, ಪ್ರಾರ್ಥನೆ ನಡೆಸುತ್ತಾರೆ. ಅದಕ್ಕೂ ಬನ್ನಿ. 'ಫಾದರ್ ಇಲ್ಲದ ಮೇಲೆ ಏನು' ಎಂದು ಮನೆಯಲ್ಲೇ ಉಳಿಯುವ ಅಭ್ಯಾಸ ಒಂದು ಸಲ ಹತ್ತಿತೆಂದರೆ ಫಾದರ್ ಬಂದ ವಾರವೂ ಬೆಂಚು ಖಾಲಿ ಇರುತ್ತದೆ.

ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿದೆ, ಇಲ್ಲವೇ ಟೊಮೆಟೊ ಕಿತ್ತು ಮಾರ್ಕೆಟ್ಟಿಗೆ ಹಾಕಬೇಕು. ಭಾನುವಾರ ಪೂಜೆ ತಪ್ಪಿದರೆ ಪಾಪವೇ?

ಭಾನುವಾರ ಪೂಜೆಯಲ್ಲಿ ಭಾಗವಹಿಸುವುದು ವಿಶ್ವಾಸಿಗಳ ಕರ್ತವ್ಯ. ಕಾರಣವಿಲ್ಲದೆ, ಬೇಕೆಂದೇ ಬಿಡುವುದು ಗಂಭೀರ ಪಾಪ. ಕಾಯಿಲೆ, ಎಳೆಗೂಸು, ರೋಗಿಯ ಆರೈಕೆ, ಬಿಡಲಾಗದ ಪಾಳಿ ಕೆಲಸ ಇವು ನಿಜವಾದ ಕಾರಣಗಳು. ನಾಲ್ಕನೇ ಜ್ವರ, ಅಂದರೆ ಕಡೆಯ ಸಲ ಪೊರೆ ಬಿಡುವುದು ಮುಗಿದ ಮೇಲಿನ ಐದನೇ ಹಂತದ ಏಳೆಂಟು ದಿನ ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಬೀಳದಿದ್ದರೆ ಗೂಡೇ ಹೋಗುತ್ತದೆ. ಮನೆಯಲ್ಲಿ ಒಬ್ಬರೇ ಇದ್ದು ಬಿಟ್ಟು ಬರಲಾಗದಿದ್ದರೆ ಮನಸ್ಸು ಕೊರೆಯಬೇಕಿಲ್ಲ. ಇಬ್ಬರಿದ್ದರೆ ಸರದಿಯಲ್ಲಿ ಬನ್ನಿ. ಶನಿವಾರ ಸಂಜೆಯ ಪೂಜೆಗೆ ಬಂದರೂ ಭಾನುವಾರದ ಕರ್ತವ್ಯ ನೆರವೇರುತ್ತದೆ; ಟೊಮೆಟೊ ಬೆಳೆಗಾರರಿಗೆ ಇದು ಒಳ್ಳೆಯ ದಾರಿ. ಮೊಬೈಲಿನಲ್ಲಿ ಪೂಜೆ ನೋಡುವುದು ಹಾಸಿಗೆ ಹಿಡಿದವರಿಗೆ ದೊಡ್ಡ ಸಮಾಧಾನ. ನಡೆದು ಬರಬಲ್ಲವರಿಗೆ ಅದು ಪೂಜೆಗೆ ಬದಲಾಗುವುದಿಲ್ಲ.

ಮನೆಯಲ್ಲಿ ತೆಲುಗು, ಅಮ್ಮ ಓದುವುದು ತಮಿಳು, ಮಕ್ಕಳು ಓದುವುದು ಇಂಗ್ಲಿಷ್. ಯಾವ ಭಾಷೆಯ ಪೂಜೆಗೆ ಹೋಗಬೇಕು?

ಯಾವುದಕ್ಕಾದರೂ. 2ನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಶಾಸನದಿಂದಲೇ ಜನರ ಭಾಷೆಗಳಿಗೆ ಪೂಜೆಯಲ್ಲಿ ಬಾಗಿಲು ತೆರೆದದ್ದು. ಭಾಷೆ ಯಾವುದಾದರೂ ಬಲಿ ಒಂದೇ. ಈ ಜಿಲ್ಲೆಯಲ್ಲಿ ಭಾಷೆಗಳು ಬೆರೆಯಲು ಕಾರಣವೂ ಇದೆ. ಆಂಧ್ರದ ಗಡಿಯ ಹಳ್ಳಿಗಳಲ್ಲಿ ತೆಲುಗು ಮನೆಮಾತು. ಕೆಜಿಎಫ್ ಗಣಿಗೆ 1880ರ ದಶಕದಿಂದ ತಮಿಳು ಸೀಮೆಯ ಕುಟುಂಬಗಳು ಬಂದು ನೆಲೆಸಿದವು. ಉಪದೇಶ ತರಗತಿಗೆ ಮಾತ್ರ ಮಗು ಓದಬಲ್ಲ, ಯೋಚಿಸಬಲ್ಲ ಭಾಷೆಯನ್ನು ಆರಿಸಿ. ಪ್ರಾರ್ಥನೆಗಳನ್ನು ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡಿದ ಮಕ್ಕಳು ಹದಿನೈದು ವರ್ಷವಾಗುವಷ್ಟರಲ್ಲಿ ಅವನ್ನು ಬಿಟ್ಟುಬಿಡುತ್ತಾರೆ.

ಪರಮಪ್ರಸಾದ ಯಾರು ಸ್ವೀಕರಿಸಬಹುದು? ಕಾಫಿ ಕುಡಿದು ಬಂದಿದ್ದರೆ?

ಪ್ರಥಮ ಪರಮಪ್ರಸಾದ ಸ್ವೀಕರಿಸಿರುವ, ಗಂಭೀರ ಪಾಪದ ಪ್ರಜ್ಞೆ ಇಲ್ಲದ ಕಥೋಲಿಕರು. ಉಪವಾಸದ ನಿಯಮ: ಸ್ವೀಕರಿಸುವ ಹೊತ್ತಿಗೆ ಒಂದು ಗಂಟೆ ಮುಂಚಿನಿಂದ ಏನೂ ತಿನ್ನಬಾರದು, ಕುಡಿಯಬಾರದು. ನೀರು, ಔಷಧಿಗೆ ಅಡ್ಡಿಯಿಲ್ಲ. ವಯಸ್ಸಾದವರು, ಕಾಯಿಲೆಯವರು, ಅವರನ್ನು ನೋಡಿಕೊಳ್ಳುವವರಿಗೆ ಈ ನಿಯಮ ಇಲ್ಲ. ಸಕ್ಕರೆ ಕಾಯಿಲೆಯವರು ಹಸಿದು ತಲೆ ಸುತ್ತಿ ಬೀಳುವುದು ಬೇಡ. ಒಂದು ಗಂಟೆಯ ಲೆಕ್ಕ ಪೂಜೆ ಶುರುವಾಗುವ ಹೊತ್ತಿಗಲ್ಲ, ಸ್ವೀಕರಿಸುವ ಹೊತ್ತಿಗೆ. ಏಳು ಗಂಟೆಯ ಪೂಜೆಗೆ ಆರೂಕಾಲಿಗೆ ಕಾಫಿ ಕುಡಿದಿದ್ದರೆ ತೊಂದರೆಯಿಲ್ಲ.

ಕೈಯಲ್ಲಿ ಸ್ವೀಕರಿಸುವವರು ಎಡಗೈಯನ್ನು ಬಲಗೈ ಮೇಲಿಟ್ಟು ಚಾಚಿ, 'ಆಮೆನ್' ಎಂದು, ಅಲ್ಲೇ ನಿಂತು ಬಾಯಿಗಿಟ್ಟುಕೊಳ್ಳಬೇಕು. ಹಿಡಿದುಕೊಂಡು ಬೆಂಚಿಗೆ ನಡೆಯಬಾರದು, ಮನೆಯ ರೋಗಿಗೆಂದು ಕರ್ಚೀಫಿನಲ್ಲಿ ಕಟ್ಟಿಕೊಳ್ಳಬಾರದು. ರೋಗಿಗೆ ಬೇಕಿದ್ದರೆ ಹೇಳಿ, ಮನೆಗೇ ತಂದು ಕೊಡುತ್ತಾರೆ.

ಪೂಜೆ ಕೊಡಿಸುವುದು ಹೇಗೆ? ನಮ್ಮ ಹೆಸರಿನ ಜೊತೆ ಇನ್ನೂ ಹತ್ತು ಹೆಸರು ಓದಿದರಲ್ಲ, ಇದು ಸರಿಯೇ?

ಆಫೀಸಿನ ಪೂಜಾ ಪುಸ್ತಕದಲ್ಲಿ ದಿನಾಂಕ ನೋಡಿ ಬರೆಸಿ. ಚೀಟಿಯಲ್ಲಿ ಮೂರೇ ವಿಷಯ ಇರಲಿ: ಯಾರಿಗಾಗಿ, ಯಾವ ಕಾರಣಕ್ಕೆ, ಕೊಡಿಸುವವರು ಯಾರು. 'ದಿವಂಗತ ಚೌರಪ್ಪ, 3ನೇ ವರ್ಷ, ಹೆಂಡತಿ ಮಕ್ಕಳು' ಎಂದರೆ ಸಾಕು. ಕನ್ನಡ ಅಕ್ಷರದಲ್ಲಿ ಬಿಡಿಸಿ ಬರೆಯಿರಿ. ಪೂಜೆ ಶುರುವಾಗುವ ಎರಡು ನಿಮಿಷ ಮುಂಚೆ ಗೀಚಿದ ಚೀಟಿ ಕೊಟ್ಟರೆ ಸತ್ತವರ ಹೆಸರು ಹೋಗಿ ಬದುಕಿರುವವರ ಹೆಸರು ಆ ಜಾಗಕ್ಕೆ ಬಂದುಬಿಡುತ್ತದೆ. ಇದು ಆಗಾಗ ಆಗುವ ತಪ್ಪು, ಮನೆಯವರಿಗೆ ಬಹಳ ನೋವು ಕೊಡುವ ತಪ್ಪು.

ಕಾಣಿಕೆ ಪಡೆದ ಒಂದೊಂದು ಕೋರಿಕೆಗೂ ಒಂದೊಂದು ಪೂಜೆ ಅರ್ಪಿಸಬೇಕು ಎಂಬುದು ನಿಯಮ. ಹಲವು ಕೋರಿಕೆಗಳನ್ನು ಕೂಡಿಸಿ ಒಂದೇ ಪೂಜೆ ಅರ್ಪಿಸುವುದಕ್ಕೆ 1991ರಿಂದ ಷರತ್ತಿನ ಅವಕಾಶವಿದೆ: ಕೊಟ್ಟವರಿಗೆ ಮೊದಲೇ ತಿಳಿಸಿ ಅವರು ಒಪ್ಪಿರಬೇಕು. ಪ್ರತ್ಯೇಕ ಪೂಜೆಯೇ ಬೇಕಿದ್ದರೆ ಬರೆಸುವಾಗಲೇ ಹೇಳಿ. ಕಾಣಿಕೆಯ ಮೊತ್ತವನ್ನು ಆಯಾ ಪ್ರಾಂತದ ಧರ್ಮಾಧ್ಯಕ್ಷರು ಗೊತ್ತುಪಡಿಸಿರುತ್ತಾರೆ. ಗುರುಗಳು ದಿನಕ್ಕೆ ಎಷ್ಟೇ ಪೂಜೆ ಅರ್ಪಿಸಿದರೂ ಕ್ರಿಸ್ಮಸ್ ಹೊರತು ಒಂದೇ ಪೂಜೆಯ ಕಾಣಿಕೆಯನ್ನು ತಮ್ಮದಾಗಿ ಇಟ್ಟುಕೊಳ್ಳಬಹುದು. ಕೈಯಲ್ಲಿ ಹಣವಿಲ್ಲದವರಿಗೂ ಪೂಜೆ ಅರ್ಪಿಸಬೇಕೆಂದು ಅದೇ ಕಾನೂನು ಗುರುಗಳಿಗೆ ಒತ್ತಿ ಹೇಳುತ್ತದೆ. ಆದ್ದರಿಂದ ದುಡ್ಡಿಲ್ಲವೆಂದು ಅಪ್ಪ ಅಮ್ಮನ ವರ್ಷದ ಪೂಜೆ ಬಿಡಬೇಡಿ. ಬಂದು ಹೇಳಿ.

ವಾಚನ ಓದುವ ಸರದಿ ಬಂದಿದೆ. ಹೇಗೆ ಸಿದ್ಧವಾಗಲಿ?

ಭಾನುವಾರದ ವಾಚನಗಳು ಎ, ಬಿ, ಸಿ ಎಂದು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. 2025ರ ನವೆಂಬರ್ 30ರಂದು ಕ್ರಿಸ್ಮಸ್‌ಗೆ ಮುಂಚಿನ ಆಗಮನಕಾಲದೊಡನೆ 'ಎ' ವರ್ಷ, ಅಂದರೆ ಮತ್ತಾಯನ ಶುಭಸಂದೇಶದ ವರ್ಷ ಶುರುವಾಯಿತು. 2026ರ ನವೆಂಬರ್ 29ರಿಂದ 'ಬಿ' ವರ್ಷ, ಮಾರ್ಕನದು. ಆಗಮನಕಾಲದ ಮೊದಲ ಭಾನುವಾರವೇ ಹಳೆಯ ವರ್ಷದ ಪುಟ ತೆರೆದು ಓದಿಬಿಡುವುದು ನಾವು ಕಂಡಿರುವ ಸಾಮಾನ್ಯ ತಪ್ಪು.

ಬುಧವಾರದೊಳಗೆ ಭಾಗ ಯಾವುದೆಂದು ಕೇಳಿಕೊಂಡು ಮೂರು ಸಲ ಗಟ್ಟಿಯಾಗಿ ಓದಿ. ಒಂದು ಸಲ ಅರ್ಥಕ್ಕೆ, ಒಂದು ಸಲ ಉಸಿರು ನಿಲ್ಲಿಸುವ ಜಾಗಕ್ಕೆ, ಒಂದು ಸಲ ಹೆಸರುಗಳಿಗೆ. ಹಬಕ್ಕೂಕ, ಥೆಸಲೋನಿಕ ಬಂದಾಗ ತಡವರಿಸಿದರೆ ಕೇಳುವವರ ಗಮನ ಆ ಹೆಸರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಂಪಕ್ಷರದ ಸೂಚನೆಗಳನ್ನು ಓದಬಾರದು. ಮೈಕಿಗೂ ಬಾಯಿಗೂ ಒಂದು ಗೇಣು ಇರಲಿ. ಕರೆಂಟ್ ಹೋದರೆ ನಿಲ್ಲಿಸಿ ಒದ್ದಾಡಬೇಡಿ, ತಲೆಯೆತ್ತಿ ಹಿಂದಿನ ಬೆಂಚಿಗೆ ಕೇಳುವಂತೆ ನಿಧಾನವಾಗಿ ಮುಂದುವರಿಸಿ. ಮೊಬೈಲ್ ನೋಡಿ ಓದುವುದು ಬೇಡ. ದೇವರ ವಾಕ್ಯದ ಗ್ರಂಥಕ್ಕೆ ಪೀಠದ ಹತ್ತಿರ ಒಂದು ಗೌರವವಿದೆ, ಓದುವ ಮಧ್ಯೆ ಕರೆ ಬಂದರೆ ಅದು ಹೋಯಿತು.

ಪಾಪನಿವೇದನೆ ಮಾಡಿ ಹನ್ನೆರಡು ವರ್ಷವಾಯಿತು. ಪ್ರಾರ್ಥನೆಯೂ ಮರೆತುಹೋಗಿದೆ.

ಆ ಮಾತನ್ನೇ ಮೊದಲು ಹೇಳಿ: 'ಫಾದರ್, ಹನ್ನೆರಡು ವರ್ಷವಾಯಿತು, ಹೇಗೆ ಮಾಡಬೇಕೋ ಮರೆತಿದೆ.' ಮುಂದಿನದನ್ನು ಗುರುಗಳೇ ಕೇಳಿ ಕೇಳಿ ನಡೆಸುತ್ತಾರೆ. ಹಿಂದಿನ ರಾತ್ರಿ ಒಂದು ಕಾಲು ಗಂಟೆ ಕೂತು ದೇವರ ಹತ್ತು ಆಜ್ಞೆಗಳ ಪ್ರಕಾರ ಮನಸ್ಸನ್ನು ಪರೀಕ್ಷಿಸಿಕೊಳ್ಳಿ. ಗಂಭೀರ ಪಾಪಗಳನ್ನು ಏನು, ಸುಮಾರು ಎಷ್ಟು ಸಲ ಎಂದು ನೇರವಾಗಿ ಹೇಳಬೇಕು. ಗಂಡನ, ಅತ್ತೆಯ, ಸೊಸೆಯ ತಪ್ಪುಗಳ ವಿವರ ಅಲ್ಲಿ ಬೇಡ. ಸಂಸಾರದ ಕಷ್ಟ ಹೇಳಿಕೊಳ್ಳಬೇಕಾದರೆ ಬೇರೆ ಹೊತ್ತು ಕೇಳಿ, ಗುರುಗಳು ಕೂತು ಕೇಳುತ್ತಾರೆ. ನಿಮ್ಮ ಊರಿನ ಗುರುಗಳ ಮುಂದೆ ಸಂಕೋಚವಾದರೆ ಯಾವ ಗುಡಿಯಲ್ಲಾದರೂ, ಯಾವ ಗುರುಗಳ ಬಳಿಯಾದರೂ ಮಾಡಬಹುದು. ಕೇಳಿದ್ದನ್ನು ಗುರುಗಳು ಯಾರಿಗೂ, ಕೋರ್ಟಿಗೂ, ಜೀವ ಹೋದರೂ ಹೇಳುವಂತಿಲ್ಲ.

ವರ್ಷಕ್ಕೊಮ್ಮೆಯಾದರೂ ಗಂಭೀರ ಪಾಪಗಳನ್ನು ನಿವೇದಿಸಬೇಕೆಂಬುದು ಕನಿಷ್ಠ ನಿಯಮ. ಪವಿತ್ರ ವಾರದಲ್ಲಿ ಸಾಲು ಉದ್ದವಿರುವುದರಿಂದ ಹಳೆಯ ಲೆಕ್ಕ ಇರುವವರು ತಪಸ್ಸುಕಾಲದ ಮೊದಲ ವಾರಗಳಲ್ಲೇ ಬರುವುದು ಒಳ್ಳೆಯದು.

ತಪಸ್ಸುಕಾಲದಲ್ಲಿ ಊಟದ ನಿಯಮ ಏನು?

ಉಪವಾಸ ಬೇರೆ, ಮಾಂಸ ಬಿಡುವುದು ಬೇರೆ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೂ ಇವೆ: ದಿನಕ್ಕೆ ಒಂದು ಹೊಟ್ಟೆ ತುಂಬ ಊಟ, ಬೇಕಿದ್ದರೆ ಎರಡು ಸಲ ಸ್ವಲ್ಪ ಸ್ವಲ್ಪ ಆಹಾರ. ಈ ಉಪವಾಸ 18 ತುಂಬಿದವರಿಂದ 59 ತುಂಬುವವರೆಗೆ. ತಪಸ್ಸುಕಾಲದ ಶುಕ್ರವಾರ ಮಾಂಸ ಬಿಡುವ ನಿಯಮ 14 ತುಂಬಿದ ಎಲ್ಲರಿಗೂ. ಮೀನು, ಮೊಟ್ಟೆ, ಹಾಲಿಗೆ ನಿಷೇಧವಿಲ್ಲ. ಬಸುರಿ ಬಾಣಂತಿಯರು, ರೋಗಿಗಳು, ಬಿಸಿಲಲ್ಲಿ ಮೈಮುರಿದು ದುಡಿಯುವವರು ಉಪವಾಸದಿಂದ ಹೊರಗೆ. ಒಂದು ಮುದ್ದೆ, ಸೊಪ್ಪಿನ ಸಾರಿನಲ್ಲಿ ದಿನ ಕಳೆದು, ಉಳಿದ ಖರ್ಚನ್ನು ಬಡವರಿಗೆ ಎತ್ತಿಡುವ ಮನೆಗಳು ನಮ್ಮಲ್ಲಿವೆ. ಉಪವಾಸದ ತಿರುಳು ಅದೇ.

ಕಳೆದ ವರ್ಷ ಗರಿಗಳ ಭಾನುವಾರ ಕೊಟ್ಟ ಗರಿಗಳನ್ನು ಏನು ಮಾಡಬೇಕು?

ಕಸಕ್ಕೆ ಹಾಕಬೇಡಿ. ಅವನ್ನು ಸುಟ್ಟ ಬೂದಿಯನ್ನೇ ವಿಭೂತಿ ಬುಧವಾರ ಹಣೆಗೆ ಹಚ್ಚುವುದು, ಅದಕ್ಕೆ ಒಂದು ವಾರ ಮುಂಚೆ ಗುಡಿಗೆ ತನ್ನಿ. 2027ರಲ್ಲಿ ಆ ಬುಧವಾರ ಫೆಬ್ರವರಿ 10ಕ್ಕೆ ಬರುತ್ತದೆ. ತೆಂಗಿನ ಎಳೆ ಗರಿಯಾಗಲಿ, ತೆಂಗು ಸಿಗದ ಕಡೆ ಕೊಟ್ಟ ಈಚಲು ಗರಿಯಾಗಲಿ ನಡೆಯುತ್ತದೆ. ಸುತ್ತಿರುವ ಪ್ಲಾಸ್ಟಿಕ್ ಹೂ, ರಿಬ್ಬನ್ ತೆಗೆದಿರಬೇಕು. ಸುಡುವವರಿಗೆ: ಚೆನ್ನಾಗಿ ಒಣಗಿಸಿ ಹಳೆಯ ಕಬ್ಬಿಣದ ಬಾಣಲೆಯಲ್ಲಿ ಸುಟ್ಟು, ಪೂರ್ತಿ ಆರಿದ ಮೇಲೆ ಅರೆದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಹಣೆಗೆ ಅಂಟಲೆಂದು ನೀರು ಸುರಿದು ಕಲಸಿಡಬೇಡಿ. ಬೂದಿ ನೀರಿಗೆ ಸೇರಿದರೆ ಕ್ಷಾರವಾಗುತ್ತದೆ, ಮಕ್ಕಳ ಹಣೆ ಉರಿದು ಕೆಂಪಾಗುತ್ತದೆ. ಒಣ ಬೂದಿಯೇ ಸಾಕು.

ಮಗುವಿನ ಜ್ಞಾನಸ್ನಾನಕ್ಕೆ ಏನೇನು ಬೇಕು?

ಹುಟ್ಟಿದ ಮೊದಲ ವಾರಗಳಲ್ಲೇ ಕೊಡಿಸಬೇಕೆಂಬುದು ನಿಯಮ. ಊರಹಬ್ಬ, ದೊಡ್ಡಪ್ಪನ ರಜೆ, ಹಾಲ್ ಬುಕಿಂಗ್ ಎಂದು ವರ್ಷ ದೂಡುವುದು ಸರಿಯಲ್ಲ. ಔತಣ ಯಾವಾಗಲಾದರೂ ಮಾಡಬಹುದು. ಮಗುವಿನ ಜನನ ಪತ್ರ, ತಂದೆ ತಾಯಿಯ ಮದುವೆಯ ವಿವರ, ಜ್ಞಾನ ತಂದೆ ತಾಯಿಯ (ಗಾಡ್‌ಫಾದರ್, ಗಾಡ್‌ಮದರ್) ಹೆಸರು ಹಿಡಿದು ಎರಡು ವಾರ ಮೊದಲೇ ಬನ್ನಿ. ತಂದೆ ತಾಯಿಗೆ, ಜ್ಞಾನ ತಂದೆ ತಾಯಿಗೆ ಒಂದು ಉಪದೇಶವೂ ಇರುತ್ತದೆ.

ಜ್ಞಾನ ತಂದೆ ಅಥವಾ ತಾಯಿ ಒಬ್ಬರಿದ್ದರೂ ಸಾಕು. ಇಬ್ಬರಾದರೆ ಒಬ್ಬ ಗಂಡು, ಒಬ್ಬ ಹೆಣ್ಣು. 16 ತುಂಬಿರಬೇಕು, ಕಥೋಲಿಕರಾಗಿರಬೇಕು, ಪರಮಪ್ರಸಾದ ಮತ್ತು ದೃಢೀಕರಣ (ಕನ್ಫರ್ಮೇಷನ್) ಪಡೆದಿರಬೇಕು, ವಿಶ್ವಾಸಕ್ಕೆ ತಕ್ಕಂತೆ ಬಾಳುತ್ತಿರಬೇಕು. ಹೆತ್ತವರೇ ಆಗುವಂತಿಲ್ಲ. ಸಿ.ಎಸ್.ಐ., ಮೆಥಡಿಸ್ಟ್ ಮುಂತಾದ ಬೇರೆ ಕ್ರೈಸ್ತ ಸಭೆಯ ಸ್ನೇಹಿತರನ್ನು ಕರೆಯುವ ಆಸೆಯಿದ್ದರೆ, ಒಬ್ಬ ಕಥೋಲಿಕ ಜ್ಞಾನ ತಂದೆ ಅಥವಾ ತಾಯಿಯ ಜೊತೆಗೆ ಅವರು ಸಾಕ್ಷಿಯಾಗಿ ನಿಲ್ಲಬಹುದು. ತಂಗಿಗೆ ಬೇಜಾರಾಗುತ್ತದೆಂದು ಆರು ಜನರ ಹೆಸರು ಬರೆಸಲು ಬರುತ್ತಾರೆ. ರಿಜಿಸ್ಟರಿನಲ್ಲಿ ಅಷ್ಟಕ್ಕೆ ಜಾಗವಿಲ್ಲ, ಆರು ಜನ ಹೊತ್ತ ಹೊಣೆಯನ್ನು ಕೊನೆಗೆ ಒಬ್ಬರೂ ಹೊರುವುದೂ ಇಲ್ಲ.

ಹೆಸರಿನ ವಿಷಯದಲ್ಲಿ ಎಚ್ಚರ. ನಮ್ಮ ಹಿರಿಯರು ಸಂತರ ಹೆಸರುಗಳನ್ನು ಈ ಮಣ್ಣಿನ ಬಾಯಿಗೆ ಒಗ್ಗಿಸಿಕೊಂಡಿದ್ದರು: ಕ್ಸೇವಿಯರ್ ಚೌರಪ್ಪ, ಇಗ್ನೇಷಿಯಸ್ ಇನ್ನಾಸಪ್ಪ, ಪೇತ್ರ ರಾಯಪ್ಪ, ಪೌಲ ಚಿನ್ನಪ್ಪ, ಆರೋಗ್ಯ ಮಾತೆಯಿಂದ ಆರೋಗ್ಯಮ್ಮ. ಚೆಂದದ ಹೆಸರುಗಳು, ಇಂದಿಗೂ ಇಡಬಹುದು. ತೊಡಕು ಬರುವುದು ಜ್ಞಾನಸ್ನಾನದ ಪುಸ್ತಕದಲ್ಲಿ 'ಅಂತೋಣಪ್ಪ', ಶಾಲೆಯಲ್ಲಿ 'ಆಂಟನಿ', ಆಧಾರ್‌ನಲ್ಲಿ 'ಅಂಥೋಣಿ ಸಿ.' ಎಂದಾದಾಗ. ಮೂವತ್ತು ವರ್ಷದ ನಂತರ ಮದುವೆಗೋ ಪಾಸ್‌ಪೋರ್ಟಿಗೋ ಮೂರೂ ಒಬ್ಬನೇ ಎಂದು ಸಾಧಿಸುವುದು ಕಷ್ಟ. ಜನನ ಪತ್ರದ ಹೆಸರನ್ನೇ ಅಕ್ಷರ ತಪ್ಪದೆ ಬರೆಸಿ, ಸಂತರ ಹೆಸರು ಬೇರೆಯಿದ್ದರೆ ಅದರ ಜೊತೆಗೆ ಸೇರಿಸಿ.

ಮಗುವಿನ ಜೀವಕ್ಕೆ ಅಪಾಯವಿದ್ದು ಗುರುಗಳು ಬರುವಷ್ಟು ಹೊತ್ತಿಲ್ಲದಿದ್ದರೆ ನರ್ಸ್, ಅಜ್ಜಿ, ಯಾರಾದರೂ ಜ್ಞಾನಸ್ನಾನ ಕೊಡಬಹುದು. ಧರ್ಮಸಭೆ ಏನು ಮಾಡಲು ಬಯಸುತ್ತದೋ ಅದನ್ನೇ ಮಾಡುವ ಮನಸ್ಸಿರಬೇಕು. ತಲೆಯ ಮೇಲೆ ಮೂರು ಸಲ ನೀರು ಹರಿಸುತ್ತಾ, ಹೆಸರು ಹೇಳಿ, 'ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ' ಎನ್ನಬೇಕು. ಒದ್ದೆ ಬಟ್ಟೆ ಸವರಿದರೆ ಸಾಲದು, ನೀರು ಹರಿಯಬೇಕು. 'ನಾನು' ಎಂಬ ಕಡೆ 'ನಾವು' ಎಂದರೆ ಸಂಸ್ಕಾರ ಸಿಂಧುವಾಗುವುದಿಲ್ಲವೆಂದು ವ್ಯಾಟಿಕನ್ 2020ರಲ್ಲಿ ಸ್ಪಷ್ಟಪಡಿಸಿದೆ. ಮಗು ಉಳಿದರೆ ಮತ್ತೆ ಜ್ಞಾನಸ್ನಾನವಿಲ್ಲ. ಉಳಿದ ವಿಧಿಗಳನ್ನು ಗುಡಿಯಲ್ಲಿ ಪೂರ್ತಿ ಮಾಡಿ, ಪುಸ್ತಕದಲ್ಲಿ ಬರೆಸಬೇಕು.

ಮದುವೆಗೆ ಎಷ್ಟು ದಿನ ಮೊದಲು ಬರಬೇಕು?

ಕನಿಷ್ಠ ಮೂರು ತಿಂಗಳು. ಛತ್ರ ಗೊತ್ತುಮಾಡಿ, ಪತ್ರಿಕೆ ಅಚ್ಚು ಹಾಕಿಸಿ, ಅಡುಗೆಯವರಿಗೆ ಮುಂಗಡ ಕೊಟ್ಟು, ಕಡೆಗೆ ಗುಡಿಗೆ ಬರುವವರೇ ಹೆಚ್ಚು. ಆ ದಿನ ಗುಡಿ ಖಾಲಿ ಇರುವುದಿಲ್ಲ, ಇಲ್ಲವೇ ಮದುವೆ ಇಟ್ಟುಕೊಳ್ಳದ ತಪಸ್ಸುಕಾಲವಾಗಿರುತ್ತದೆ. ಮೊದಲು ಗುಡಿಯ ದಿನಾಂಕ, ಆಮೇಲೆ ಛತ್ರ.

ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಆರು ತಿಂಗಳೊಳಗೆ ಪಡೆದ ಜ್ಞಾನಸ್ನಾನದ ಪತ್ರ, ದೃಢೀಕರಣದ ವಿವರ, ವಿವಾಹ ಸಿದ್ಧತಾ ಶಿಬಿರದ ಪ್ರಮಾಣಪತ್ರ, ಇನ್ನೊಂದು ಧರ್ಮಕೇಂದ್ರದವರಾದರೆ ಅಲ್ಲಿನ ಗುರುಗಳ ಪತ್ರ, ವಯಸ್ಸಿನ ದಾಖಲೆ, ಇಬ್ಬರು ಸಾಕ್ಷಿಗಳು ಬೇಕು. ಎರಡೂ ಕಡೆಯ ಗುಡಿಗಳಲ್ಲಿ ಮೂರು ಪ್ರಕಟಣೆ ಆಗುತ್ತದೆ. ಮನೆಯ ಟ್ರಂಕಿನಲ್ಲಿರುವ ಹಳೆಯ ಜ್ಞಾನಸ್ನಾನದ ಪತ್ರ ಯಾಕೆ ನಡೆಯುವುದಿಲ್ಲವೆಂದರೆ, ಮದುವೆಯಾದಾಗ ಅದನ್ನು ಜ್ಞಾನಸ್ನಾನದ ಮೂಲ ಪುಸ್ತಕದಲ್ಲೇ ಬರೆಯುತ್ತಾರೆ. ಹೊಸ ಪತ್ರ ತೆಗೆಸಿದಾಗ ಮಾತ್ರ ಆ ವ್ಯಕ್ತಿ ಮೊದಲೇ ಮದುವೆಯಾಗಿಲ್ಲವೆಂದು ತಿಳಿಯುವುದು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಿಂದ ಬೇರೆ ಊರಿಗೆ ಹೋದವರ ಮಕ್ಕಳು ಜ್ಞಾನಸ್ನಾನವಾದ ಗುಡಿಯ ಹೆಸರನ್ನು ಅಜ್ಜ ಅಜ್ಜಿಯರಿಂದ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ವರ್ಷ ಗೊತ್ತಿಲ್ಲದಿದ್ದರೆ ಹುಡುಕಲು ಸಮಯ ಹಿಡಿಯುತ್ತದೆ.

ಬೇರೆ ಧರ್ಮದವರೊಡನೆ ಮದುವೆಯಾದರೆ ಧರ್ಮಾಧ್ಯಕ್ಷರ ವಿನಾಯಿತಿ ಬೇಕು, ಬೇರೆ ಕ್ರೈಸ್ತ ಸಭೆಯವರೊಡನೆಯಾದರೆ ಅನುಮತಿ. ತನ್ನ ವಿಶ್ವಾಸ ಉಳಿಸಿಕೊಂಡು ಮಕ್ಕಳಿಗೆ ಕಥೋಲಿಕ ಜ್ಞಾನಸ್ನಾನ ಕೊಡಿಸಲು ಕೈಲಾದುದೆಲ್ಲ ಮಾಡುತ್ತೇನೆಂದು ಕಥೋಲಿಕ ಸಂಗಾತಿ ಮಾತು ಕೊಡಬೇಕು. ಇನ್ನೊಬ್ಬರು ಮತಾಂತರವಾಗಬೇಕೆಂಬ ನಿಯಮವಿಲ್ಲ.

ಮನೆಯಲ್ಲಿ ಕಾಯಿಲೆಯವರಿದ್ದಾರೆ. ಫಾದರನ್ನು ಯಾವಾಗ ಕರೆಯಬೇಕು?

ಇಂದೇ. ರೋಗಿಗಳ ಅಭ್ಯಂಗ (ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವುದು) ಸಾಯುವ ಗಳಿಗೆಯ ಸಂಸ್ಕಾರ ಎಂಬ ಹಳೆಯ ಭಯ ಇನ್ನೂ ಹೋಗಿಲ್ಲ. 'ಸ್ವಾಮಿಗಳು ಬಂದರೆ ಅಪ್ಪ ಹೆದರಿಕೊಳ್ಳುತ್ತಾರೆ' ಎಂದು ಮಕ್ಕಳು ತಡಮಾಡುತ್ತಾರೆ, ಕಡೆಗೆ ಪ್ರಜ್ಞೆ ತಪ್ಪಿದ ಮೇಲೆ ಕರೆಯುತ್ತಾರೆ. ಆಗ ಪಾಪನಿವೇದನೆ ಮಾಡಲು, ಪರಮಪ್ರಸಾದ ಸ್ವೀಕರಿಸಲು ಆಗುವುದಿಲ್ಲ. ದೊಡ್ಡ ಆಪರೇಷನ್‌ಗೆ ಮೊದಲು, ಕಾಯಿಲೆ ಉಲ್ಬಣಿಸಿದಾಗ, ಇಳಿವಯಸ್ಸಿನಲ್ಲಿ ಶಕ್ತಿ ಕುಂದಿದಾಗ ಈ ಅಭ್ಯಂಗ ಪಡೆಯಬಹುದು, ಮತ್ತೆ ಬೇಕಾದಾಗ ಮತ್ತೂ ಪಡೆಯಬಹುದು. ಸತ್ತವರಿಗೆ ಇದನ್ನು ಕೊಡುವುದಿಲ್ಲ. ಅವರಿಗಾಗಿ ಬೇರೆ ಪ್ರಾರ್ಥನೆಗಳಿವೆ.

ರೋಗಿಯ ಹತ್ತಿರ ಒಂದು ಸಣ್ಣ ಮೇಜು, ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ, ಸ್ವಲ್ಪ ಹತ್ತಿ, ಲೋಟದಲ್ಲಿ ನೀರು, ಒಂದು ಚಮಚ ಇಡಿ. ಟಿ.ವಿ. ಆರಿಸಿ. ನುಂಗಲು ಕಷ್ಟವಿದ್ದರೆ ಮೊದಲೇ ಹೇಳಿ, ಪರಮಪ್ರಸಾದದ ಸಣ್ಣ ತುಣುಕನ್ನು ನೀರಿನೊಡನೆ ಕೊಡಬಹುದು. ಆಮ್ಲಜನಕ ಹಾಕಿರುವ ಕೋಣೆಯಲ್ಲಿ ಮೇಣದಬತ್ತಿ ಹಚ್ಚಲೇಬಾರದು, ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ರಾತ್ರಿ ಎರಡು ಗಂಟೆಯಾಗಿದ್ದರೂ ಫೋನ್ ಮಾಡಲು ಹಿಂಜರಿಯಬೇಡಿ.

ಸಾವಾದಾಗ? ಸುಡಬಹುದೇ?

ವೇಳೆಯನ್ನು ಬಂಧುಗಳಿಗೆ ತಿಳಿಸುವ ಮೊದಲು ಗುಡಿಯಲ್ಲಿ ಕೇಳಿ. ಗುಂಡಿ ತೋಡಿಸಬೇಕು, ಗುರುಗಳು ಉಪಕೇಂದ್ರಕ್ಕೆ ಹೋಗಿರಬಹುದು. ಹೂಳುವುದೇ ಧರ್ಮಸಭೆಯ ಒಲವು. ದಹನಕ್ಕೆ 1963ರಿಂದ ಅನುಮತಿಯಿದೆ. ಬೂದಿಯನ್ನು ಮಾತ್ರ ನದಿಗೆ ಬಿಡುವುದು, ಮನೆಯಲ್ಲಿಡುವುದು, ಹಂಚಿಕೊಳ್ಳುವುದು ಸಲ್ಲದು, ಸಮಾಧಿ ಸ್ಥಳದಲ್ಲೇ ಇಡಬೇಕೆಂದು 2016ರ ಸೂಚನೆ ಹೇಳುತ್ತದೆ. ಮರಣ ಪತ್ರದ ಪ್ರತಿಯನ್ನು ಆಫೀಸಿಗೆ ತಲುಪಿಸಿ. ನವೆಂಬರ್ 2ರ ಮೃತರ ಸ್ಮರಣೆಗೆ ಸಮಾಧಿ ಸ್ವಚ್ಛ ಮಾಡುವವರು ವಾರ ಮೊದಲೇ ಮಾಡಿ. ಹಿಂದಿನ ದಿನ ಸುಣ್ಣ ಬಳಿದರೆ ಹೂವಿಡಲು ಬಂದವರ ಬಟ್ಟೆಗೆಲ್ಲ ಹತ್ತುತ್ತದೆ.

ಕಿರು ಕ್ರೈಸ್ತ ಸಮುದಾಯ ಎಂದರೇನು? ನಮ್ಮ ಮನೆ ಸಣ್ಣದು, ಹೇಗೆ ಕರೆಯುವುದು?

ಅಕ್ಕಪಕ್ಕದ ಹತ್ತಿಪ್ಪತ್ತು ಮನೆಗಳವರು ಸರದಿಯಂತೆ ಒಂದು ಮನೆಯಲ್ಲಿ ಸೇರಿ ದೇವರ ವಾಕ್ಯ ಓದಿ ಪ್ರಾರ್ಥಿಸುವುದು. ಏಳು ಹೆಜ್ಜೆಯ ಕ್ರಮ ಬಳಕೆಯಲ್ಲಿದೆ: ಪ್ರಭುವನ್ನು ಆಹ್ವಾನಿಸುವುದು, ವಾಕ್ಯ ಓದುವುದು, ಮನಸ್ಸಿಗೆ ನಾಟಿದ ಮಾತನ್ನು ಮತ್ತೆ ಉಚ್ಚರಿಸುವುದು, ಮೌನ, ಹಂಚಿಕೊಳ್ಳುವುದು, ಮುಂದೆ ಮಾಡಬೇಕಾದ ಕೆಲಸ ಗೊತ್ತುಮಾಡುವುದು, ಪ್ರಾರ್ಥನೆ. ಎಲ್ಲರೂ ಅವಸರಪಡುವುದು ಮೌನಕ್ಕೆ, ಮರೆಯುವುದು ಆರನೆಯದನ್ನು. ಯಾರ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರ ಮಗ ಶಾಲೆ ಬಿಟ್ಟಿದ್ದಾನೆ ಎಂದು ತಿಳಿದು ಕೈಚಾಚುವುದು ಆ ಹೆಜ್ಜೆಯಲ್ಲೇ.

ಮುಕ್ಕಾಲು ಗಂಟೆಯಲ್ಲಿ ಮುಗಿಸಿ. ಟೀ, ಬಿಸ್ಕತ್ತಿಗಿಂತ ಹೆಚ್ಚು ಮಾಡಬೇಡಿ. ಒಬ್ಬರು ಬಿರಿಯಾನಿ ಮಾಡಿದರೆ ಮುಂದಿನ ಮನೆಯವರು ಸಾಲ ಮಾಡುತ್ತಾರೆ, ಅದರ ಮುಂದಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ಚೀಟಿ ವ್ಯವಹಾರ, ಪಂಚಾಯಿತಿ ಚುನಾವಣೆಯ ಮಾತು ಅಲ್ಲಿ ಬೇಡ. ಒಂದು ಚಾಪೆ ಹಾಸುವಷ್ಟು ಜಾಗವಿದ್ದರೆ ನಿಮ್ಮ ಮನೆ ಸಣ್ಣದಲ್ಲ.

ಕಾಣಿಕೆ ಹಣ ಎಲ್ಲಿಗೆ ಹೋಗುತ್ತದೆ?

ವಾರದ ಕಾಣಿಕೆ ಗುಡಿಯ ಖರ್ಚಿಗೆ: ಕರೆಂಟ್ ಬಿಲ್, ಮೇಣ, ರಿಪೇರಿ, ಉಪದೇಶಿಯವರ ಸಂಬಳ. ಶುಭ ಶುಕ್ರವಾರದ್ದು ಪವಿತ್ರ ನಾಡಿನ ಕ್ರೈಸ್ತರಿಗೆ, ಜೂನ್ ಕೊನೆಯಲ್ಲಿ ಪೋಪರ ದಾನಕಾರ್ಯಕ್ಕೆ, ಅಕ್ಟೋಬರ್‌ನ ಕೊನೆಯಿಂದ ಎರಡನೇ ಭಾನುವಾರ ಧರ್ಮಪ್ರಚಾರಕ್ಕೆ. ಎಣಿಸುವಾಗ ಯಾವಾಗಲೂ ಇಬ್ಬರಿಗೆ ಕಡಿಮೆಯಿಲ್ಲದೆ ಕೂತು, ಇಬ್ಬರೂ ಸಹಿ ಹಾಕಬೇಕು. ಲೆಕ್ಕ ಕೇಳುವುದು ಅಗೌರವವಲ್ಲ.

ಬೇರೆ ಧರ್ಮದ ಸ್ನೇಹಿತರು ಪೂಜೆಗೆ ಬರಬಹುದೇ?

ಸಂತೋಷದಿಂದ ಬರಲಿ. ಕೂರಲಿ, ನಿಲ್ಲಲಿ, ಕೈಮುಗಿಯಲಿ. ಪರಮಪ್ರಸಾದ ಹಂಚುವಾಗ ಸಾಲಿಗೆ ಹೋಗಬಾರದೆಂದು ಜೊತೆಗೆ ಕರೆತಂದವರೇ ಮೊದಲು ಮೆಲ್ಲಗೆ ತಿಳಿಸಬೇಕು. ನಮ್ಮಲ್ಲಿ 'ಪ್ರಸಾದ' ಎಂದರೆ ಬಂದವರಿಗೆಲ್ಲ ಕೊಡುವುದು ಎಂಬ ಅರ್ಥವಿರುವುದರಿಂದ ಅವರು ಒಳ್ಳೆಯ ಮನಸ್ಸಿನಿಂದಲೇ ಎದ್ದು ಬರುತ್ತಾರೆ. ಎಲ್ಲರ ಎದುರು ತಡೆದರೆ ನೊಂದುಕೊಳ್ಳುತ್ತಾರೆ.

ಬಹಳ ವರ್ಷದಿಂದ ಗುಡಿಗೆ ಬಂದಿಲ್ಲ. ಮದುವೆಯೂ ರಿಜಿಸ್ಟರ್ ಆಫೀಸಿನಲ್ಲಾಯಿತು. ಈಗ ಬರಬಹುದೇ?

ಬರಬಹುದು, ಈ ಭಾನುವಾರವೇ. ಯಾರಿಗೂ ಮುಂಚೆ ಹೇಳಬೇಕಿಲ್ಲ, ಹಿಂದಿನ ಬೆಂಚಿನಲ್ಲಿ ಕೂತು ಪೂಜೆ ಕೇಳಿ. ಗುಡಿಯಲ್ಲಿ ವಿವಾಹ ಸಂಸ್ಕಾರ ಆಗದಿರುವುದರಿಂದ ಸದ್ಯ ಪರಮಪ್ರಸಾದ ಸ್ವೀಕರಿಸಲಾಗದು, ಪ್ರಾರ್ಥನೆಗೆ ಯಾವ ಅಡ್ಡಿಯೂ ಇಲ್ಲ. ವಾರದ ದಿನ ಸಂಜೆ ಜನ ಕಡಿಮೆಯಿರುವ ಹೊತ್ತು ನೋಡಿ ಇಬ್ಬರೂ ಗುರುಗಳನ್ನು ಕಾಣಿರಿ. ಇಬ್ಬರಲ್ಲಿ ಯಾರಿಗೂ ಹಿಂದಿನ ಮದುವೆಯ ಬಂಧನವಿಲ್ಲದಿದ್ದರೆ ಆ ಮದುವೆಯನ್ನು ಧರ್ಮಸಭೆಯಲ್ಲಿ ಸರಿಪಡಿಸುವುದು ಕಷ್ಟವಲ್ಲ. ಛತ್ರ, ಪತ್ರಿಕೆ ಏನೂ ಬೇಡ. ಗುರುಗಳು, ಇಬ್ಬರು ಸಾಕ್ಷಿಗಳು, ನೀವಿಬ್ಬರು. ಮಕ್ಕಳಿದ್ದರೆ ಅವರನ್ನೂ ಕರೆತನ್ನಿ. ಬರುವಾಗ ರಿಜಿಸ್ಟರ್ ಮದುವೆಯ ಪತ್ರ ಮತ್ತು ನಿಮ್ಮ ಜ್ಞಾನಸ್ನಾನವಾದ ಊರು, ವರ್ಷ ಬರೆದ ಚೀಟಿ ಜೊತೆಗಿರಲಿ.